ಮರದ ತೋಳಿನ ಮೇಲೆ ಅಳೆದ ಒತ್ತಡ

ಮಹಿಳಾ ಐಸ್ ಹಾಕಿ ಲೀಗಿನ ಮಾನ್ಯ ಸುರಕ್ಷತಾ ಅಧಿಕಾರಿಗಳೇ,

ನಿಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿ ನಾನು ನನ್ನ ಗೆಳತಿಯ ಕೈ ಕೆಡಿಸಿದ್ದೇನೆ. ಅಭಿನಂದನೆಯಲ್ಲಿ ನಿಮಗೂ ಪಾಲು ಸಲ್ಲಬೇಕು.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಸಣ್ಣ ಊರೊಂದರ ತಂಡಕ್ಕೆ ಉಡುಪು ಹೊಲಿಯುವವಳು ನಾನು. ಬರ್ನಿಸ್ ನಮ್ಮ ರಕ್ಷಣಾ ಆಟಗಾರ್ತಿ, ಐವತ್ತಮೂರರ ಗಟ್ಟಿಗಿತ್ತಿ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಅವಳ ಎಡಗೈ ಊದಿಕೊಳ್ಳುತ್ತಿತ್ತು. ವೈದ್ಯರು ಕೊಟ್ಟ ಬಿಗಿ ತೋಳುಚೀಲ ತೊಟ್ಟು ಊತ ಇಳಿಸಿಕೊಂಡು, ಎರಡು ವರ್ಷದ ಬಳಿಕ ಮತ್ತೆ ಆಟಕ್ಕೆ ಇಳಿದಳು. ಆಗ ಬಂತು ನಿಮ್ಮ ಅಪ್ಪಣೆ: ಬಿಗಿ ತೋಳುಚೀಲ ತೊಡುವವರು ಮೊಣಕೈಯ ರಕ್ಷಣಾ ಮೆತ್ತೆಯನ್ನು ಅದರೊಳಗೇ ಹೊಲಿಸಿಕೊಳ್ಳತಕ್ಕದ್ದು, ಒತ್ತಡದ ಅಂಕಿ ಲೇಬಲ್ಲಿನಲ್ಲಿ ಇರತಕ್ಕದ್ದು. ಲೇಬಲ್ಲಿನಲ್ಲಿ ಇಪ್ಪತ್ತು ಮಿಲಿಮೀಟರ್ ಪಾದರಸ ಎಂದಿತ್ತು. ಬೆರಳು ದಪ್ಪದ ಮೆತ್ತೆ ಹೊಲಿದ ಮೇಲೂ ಇಪ್ಪತ್ತೇ! ಲೇಬಲ್ಲಿಗೇನು, ಅದರೊಳಗೆ ರಕ್ತ ಓಡುತ್ತದೆಯೇ?

"ತುಂಬಾ ಬಿಗೀತಿದೆ ಕಣೇ," ಎಂದಳು ಬರ್ನಿಸ್, ಮೊದಲ ಆಟದ ದಿನವೇ.

"ಹೊಸ ಸ್ಕೇಟೂ ಕಚ್ಚಲ್ವಾ? ಎರಡು ಆಟ ಆಡು, ಹದಕ್ಕೆ ಬರುತ್ತೆ," ಎಂದೆ ನಾನು. ಹಾಕಿ ಆಡುವವರಿಗೆ ಹೊಸ ಉಡುಪಿನ ನೋವು ನೋವೇ ಅಲ್ಲ. ಆ ಮಾತಾಡಿದ ನಾಲಿಗೆಯನ್ನು ಈಗಲೂ ಶಪಿಸಿಕೊಳ್ಳುತ್ತೇನೆ.

ಎರಡನೆಯ ಆಟ ಮುಗಿದಾಗ ಅವಳ ಕೈಗವಸು ಕಳಚಲಿಲ್ಲ. ಕತ್ತರಿಸಿ ತೆಗೆದೆ. ಅಂಗೈ ಹುದುಗಿದ ಹಿಟ್ಟಿನಂತೆ ಉಬ್ಬಿತ್ತು. "ಅಯ್ಯೋ, ಇದು ನನ್ ಕೈಯೇನೇ?" ಎಂದು ನಗಲು ಹೋಗಿ ಅತ್ತುಬಿಟ್ಟಳು.

ಮರುದಿನ ಅಳತೆಪಟ್ಟಿ ಹಿಡಿದೆ. ಮೆತ್ತೆಯಿಂದಾಗಿ ಮೊಣಕೈಯ ಸುತ್ತಳತೆ ಮೂರು ಸೆಂಟಿಮೀಟರ್ ಹೆಚ್ಚಿತ್ತು. ಅಷ್ಟನ್ನೂ ಅದೇ ಬಟ್ಟೆ ಹಿಗ್ಗಿ ತುಂಬಿಕೊಡಬೇಕು. ಮೆತ್ತೆಯಡಿಯಲ್ಲಿ ಹಿಂಡುತ್ತಿತ್ತು, ಮೆತ್ತೆಯ ಅಂಚಿನಲ್ಲಿ ಡೇರೆಯಂತೆ ಎದ್ದು ಚರ್ಮವನ್ನೇ ಮುಟ್ಟುತ್ತಿರಲಿಲ್ಲ. ಊತದ ನೀರು ಮೊಣಕೈ ದಾಟಿ ಮೇಲೇರಲಾಗದೆ ಅಂಗೈಯಲ್ಲೇ ನಿಂತಿತ್ತು. ಹೊಲಿಗೆಯವಳಿಗೆ ತಿಳಿದದ್ದು ನಿಮಗೆ ತಿಳಿಯದೆ ಹೋಯಿತೇ? ನಿಮ್ಮ ಕಚೇರಿಗೆ ಫೋನ್ ಮಾಡಿದರೆ, "ಮೇಡಂ, ಆ ಇಪ್ಪತ್ತು ಮೆತ್ತೆ ಇಲ್ದೆ ಮರದ ತೋಳಿನ ಮೇಲೆ ಅಳ್ದಿದ್ದು. ನಿಯಮಾನೇ ಹಾಗಿದೆ," ಎಂಬ ಉತ್ತರ ಬಂತು. ಮರದ ತೋಳು! ಅದು ಬಾಗದು, ಬೆವರದು, ಊದಿಕೊಳ್ಳುವುದಂತೂ ಇಲ್ಲವೇ ಇಲ್ಲ. ನಿಮ್ಮ ತಂಡಕ್ಕೆ ಅದನ್ನೇ ಸೇರಿಸಿಕೊಳ್ಳಿ.

ಇದಾಗಿ ನಾಲ್ಕು ತಿಂಗಳು. ಊತ ಪೂರ್ತಿ ಇಳಿಯುವುದು ಅನುಮಾನ ಎನ್ನುತ್ತಾರೆ ವೈದ್ಯರು. ಬರ್ನಿಸ್ ಈಗ ಅಂಕಣದ ಬದಿಯಲ್ಲಿ ಕುಳಿತು ಆಟಗಾರ್ತಿಯರಿಗೆ ಮಂಜಿಗೆ ಇಳಿಯುವ ಬಾಗಿಲು ತೆಗೆಯುತ್ತಾಳೆ, ಬಲಗೈಯಲ್ಲಿ. ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ನಿಯಮವನ್ನು ಇಂದೇ ಹಿಂತೆಗೆದುಕೊಳ್ಳಿ. ಮೆತ್ತೆ ಹೊಲಿದ ಮೇಲೆ, ಜೀವವಿರುವ ತೋಳಿನ ಮೇಲೆ ಒತ್ತಡ ಅಳೆಯಿರಿ. ಅಂಥ ತೋಳು ಸಿಗದಿದ್ದರೆ ನಿಮ್ಮದರ ಅಳತೆ ಕಳಿಸಿ, ನಾನೇ ಹೊಲಿದುಕೊಡುತ್ತೇನೆ. ತೊಟ್ಟು ಎರಡು ಆಟ ಆಡಿ. ಆಮೇಲೆ ಮುಂದಿನ ಸುತ್ತೋಲೆಗೆ ಅದೇ ಕೈಯಲ್ಲಿ ಸಹಿ ಹಾಕಿ.

ಇಂತಿ,
ನಿಮ್ಮ ನಿಯಮವನ್ನು ಒಂದು ಹೊಲಿಗೆಯೂ ತಪ್ಪದಂತೆ ಪಾಲಿಸಿದ
ಮರ್ಲೀನ್ ಕೂಜಿಕ್