ಪೂಜೆಗೆ ಪ್ಲಗ್ ಕಿತ್ತ ಕಂಪ್ಯೂಟರು

ಅಕ್ಟೋಬರ್ 3, ಶುಕ್ರವಾರ ರಾತ್ರಿ

ಹೆಡತಲೆ ಗ್ರಾಮದ ನಮ್ಮ ತರಬೇತಿ ಕೇಂದ್ರದ ಲಿನಕ್ಸ್ ಕಂಪ್ಯೂಟರು ಇಂದೂ ಪೂರ್ತಿ ತೆರೆದುಕೊಳ್ಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿ ಅಲ್ಲಿಯೇ ನಿಂತುಬಿಡುತ್ತವೆ. ಆಯುಧಪೂಜೆಯ ದಿನ ಅಪ್‌ಡೇಟ್ ಅರ್ಧದಲ್ಲಿರುವಾಗಲೇ ವಿದ್ಯಾರ್ಥಿನಿ ಧನುಶ್ರೀ ಪ್ಲಗ್ ಕಿತ್ತು ಕುಂಕುಮವಿಟ್ಟಿದ್ದಳು.

"ಓಡೋ ಮಿಷಿನ್‌ಗೆ ಪೂಜೆ ಮಾಡಬಾರ್ದು ಅಂತ ನಮ್ಮಪ್ಪ ಟ್ರ್ಯಾಕ್ಟರ್ ಆಫ್ ಮಾಡ್ತಾರೆ ಸಾ, ಅದ್ಕೇ..." ಎಂದು ತಲೆ ತಗ್ಗಿಸಿದಳು.

"ಫೈಲ್ ಎಲ್ಲಾ ಉಳಿದವೆ ಕಣವ್ವ, ನೀನೇ ಸರಿಮಾಡ್ಬೋದು" ಎಂದು ನಾನು ಎಷ್ಟು ಹೇಳಿದರೂ ಅವಳು ಕೀಬೋರ್ಡ್ ಮುಟ್ಟಲಿಲ್ಲ. ಎಲ್ಲರಿಗಿಂತ ಮೊದಲು ಕಲಿತ ಆ ಕೈಗಳು ಮಡಿಲಲ್ಲಿಯೇ ಉಳಿದವು.

ಅವಳಿಂದಲೇ ಸರಿಪಡಿಸಬೇಕೆಂದು ಯಂತ್ರವನ್ನು ಹಾಗೆಯೇ ಬಿಟ್ಟು ಬಂದಿದ್ದೇನೆ. ಆದರೆ ದಿನವೂ "ಬತ್ತೀನಿ ಸಾ" ಎಂದು ಹೊರಡುವ ಹುಡುಗಿ ಇಂದು ಬಾಗಿಲಲ್ಲಿ ನಿಂತು, ಬರುವ ಮಾತನ್ನೇ ಬಿಟ್ಟು, "ಓಯ್ತೀನಿ ಸಾ" ಎಂದಳು.