ಯವ್ವಾ ಎಂಬ ಮಾತಿನ ಅನುವಾದ

ಲಿಂಗಸುಗೂರು
17 ನವೆಂಬರ್ 2024

ಪ್ರೀತಿಯ ಶಾಹೀಸ್ತಾ,

ನಿನಗೂ ನಿನ್ನ ಮನೆಯವರಿಗೂ ಸಲಾಮು. ನೀನು ಕೇಳಿ ಬಹಳ ದಿನವಾಯಿತು, ಉತ್ತರ ತಡವಾಯಿತು. ಕೆಲಸದ ನೆಪ ಹೇಳುವುದಿಲ್ಲ. ನಮ್ಮ ಗ್ರಂಥಾಲಯಕ್ಕೆ ಈಗ ಬರುವವರು ಪರೀಕ್ಷೆಗೆ ಓದುವ ಮಕ್ಕಳು ಮಾತ್ರ. ಅವರಿಗೆ ಕುರ್ಚಿ ಬೇಕು, ಫ್ಯಾನು ಬೇಕು, ನಾನು ಬೇಡ. ಬೇರೊಂದು ಸಿಟ್ಟಿತ್ತು, ಅದು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಇಳಿಯದೆಯೇ ಬರೆಯುತ್ತಿದ್ದೇನೆ.

ನಿಮ್ಮ ಅರ್ಜುಮಂದ್ ಮುಂದಿನ ವಾರ ಮಸ್ಕತ್ತಿಗೆ ಹೊರಟಿದ್ದಾಳಂತೆ, ಅವಳ ಕೈಯಲ್ಲಿ ಈ ಪತ್ರ ಮತ್ತು ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕಿ ನಗಿಸುತ್ತೀಯ, ನಾನು ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಊರ ಸುದ್ದಿ ಹೇಳುವುದಾದರೆ, ಮುಕ್ಕುಂದದಲ್ಲಿ ಭತ್ತ ಕೊಯ್ಲಿಗೆ ಬಂದಿದೆ. ನಿಮ್ಮ ಅಮ್ಮ ಲಾಲ್‌ಬೀ ಅವರ ಮೊಣಕಾಲು ಮೊದಲಿಗಿಂತ ವಾಸಿ. ಬಾಯಿ ಮೊದಲಿನಂತೆಯೇ ಇದೆ.

ಈಗ ನಿನ್ನ ಪ್ರಶ್ನೆ. ನಿನ್ನ ಆಸ್ಪತ್ರೆಯ ನರ್ಸುಗಳೆಲ್ಲ ಶುಕ್ರವಾರ ಒಬ್ಬರ ಕೋಣೆಯಲ್ಲಿ ಸೇರಿ, ಸರದಿಯಂತೆ ತಮ್ಮ ದೇಶದ ಅತ್ಯುತ್ತಮ ಚಿತ್ರ ತೋರಿಸುತ್ತೀರಿ. ಫಿಲಿಪ್ಪೀನಿನವಳದ್ದು ಆಯಿತು, ಈಜಿಪ್ಟಿನವಳದ್ದು ಆಯಿತು. ಈಗ ಹಿಂದೂಸ್ತಾನದ ಸರದಿ, ಅಲ್ಲಿ ಹಿಂದೂಸ್ತಾನ ಅಂದರೆ ನೀನೊಬ್ಬಳೇ. "ನೀ ಓದಾಕಿ, ನಿನಗ ಗೊತ್ತಿರತೈತಿ. ಅವರ ಮುಂದ ನನ್ನ ಮೂಗು ಕೊಯ್ಯಬ್ಯಾಡ," ಎಂದು ನೀನು ಬರೆದು ಕಳಿಸಿದ್ದೆ. ಅದರ ಕೆಳಗೇ, "ನಿಮ್ಮವ್ವನ ಪಿಚ್ಚರೇ ತೋರಿಸಿಬಿಡ್ಲಾ?" ಎಂದು ಕೇಳಿದ್ದೆ.

ಮೊದಲ ಪ್ರಶ್ನೆ ಸುಲಭ. ಒಬ್ಬನೇ ಇಡೀ ದಂಡನ್ನು ಕಡಿದು ಹಾಕುವ ಚಿತ್ರ ತೋರಿಸಬೇಡ, ಅವನ್ನು ಅವರು ಆಗಲೇ ನೋಡಿರುತ್ತಾರೆ. ಚಿತ್ರಕ್ಕೆ ನಾನು ಇಡುವ ಪರೀಕ್ಷೆ ಕಾದಂಬರಿಗೆ ಇಡುವುದೇ. ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಪಾತ್ರಗಳು ಒಬ್ಬರಿಗೊಬ್ಬರು ವಿವರಿಸಿಕೊಳ್ಳಬಾರದು. ಅಣ್ಣನ ಹತ್ತಿರ ತಂಗಿ "ಅಣ್ಣಾ, ನೀನು ನನ್ನ ಒಬ್ಬನೇ ಅಣ್ಣ" ಎಂದ ತಕ್ಷಣ ನಾನು ಎದ್ದು ಹೋಗುತ್ತೇನೆ.

ಹಾಗಾಗಿ ಕನ್ನಡದ್ದು 'ಕೊನೆಯ ತೂಬು' ನೋಡು. ಕಾಲುವೆಯ ಕೊನೆಗೆ ಹೊಲವಿರುವ ಅಣ್ಣ ತಮ್ಮ, ಮೇಲಿನವರು ನೀರು ಬಿಡುವುದಿಲ್ಲ, ಅಷ್ಟೇ ಕಥೆ. ಆದರೆ ಇಡೀ ಚಿತ್ರದಲ್ಲಿ ಒಬ್ಬನೂ ನೀರಿನ ಮೇಲೆ ಭಾಷಣ ಮಾಡುವುದಿಲ್ಲ. ಬಯ್ಯುತ್ತಾರೆ, ಬೀಡಿ ಸೇದುತ್ತಾರೆ, ತೂಬಿಗೆ ಕಿವಿ ಹಚ್ಚಿ ಕೂರುತ್ತಾರೆ. ಮರಾಠಿಯದೊಂದಿದೆ, ಅದರ ಹೆಸರನ್ನು ಕನ್ನಡದಲ್ಲಿ 'ಎರಡನೇ ಹೊಲಿಗೆ' ಎನ್ನಬಹುದು. ಸೋಲಾಪುರದ ಹೆಂಗಸೊಬ್ಬಳು ಸತ್ತವರ ಅಂಗಿಗಳನ್ನು ಬಿಚ್ಚಿ ಮಕ್ಕಳ ಅಳತೆಗೆ ಹೊಲಿದು ಕೊಡುತ್ತಾಳೆ. ಅವಳು ಒಮ್ಮೆಯೂ ಅಳುವುದಿಲ್ಲ. ನೀನು ಅಳುತ್ತೀಯ, ಕರವಸ್ತ್ರ ಇಟ್ಟುಕೊ. ಮಲಯಾಳದ 'ನಾಳೆ ದೋಣಿ ಇಲ್ಲ' ನಗುವುದಕ್ಕೆ. ನಿಮ್ಮ ಗುಂಪಿನ ಶ್ರೀಲಂಕಾದವಳಿಗೆ ಅದು ಬೇಗ ಹಿಡಿಸುತ್ತದೆ. ಈ ಮೂರರಲ್ಲಿ ಯಾವುದನ್ನು ತೋರಿಸಿದರೂ ನಿನ್ನ ಮೂಗು ಇದ್ದಲ್ಲೇ ಇರುತ್ತದೆ.

ಎರಡನೆಯ ಪ್ರಶ್ನೆಗೆ ಬೇಡ ಎಂದೇ ಉತ್ತರ ಬರೆದಿದ್ದೆ. ಆ ಹಾಳೆ ಹರಿದು ಹಾಕಿದ್ದೇನೆ. ಯಾಕೆ ಎಂದು ಹೇಳುತ್ತೇನೆ, ನಡುವೆ ಬಾಯಿ ಹಾಕದೆ ಕೇಳು.

ಎರಡು ವರ್ಷದ ಹಿಂದೆ ಬೆಂಗಳೂರಿನವರು ಮುಕ್ಕುಂದಕ್ಕೆ ಬಂದು ಹೊಳೆದಂಡೆಯಲ್ಲಿ ಆ ಚಿತ್ರ ತೆಗೆದದ್ದು ನಿನಗೆ ಗೊತ್ತು. (ಅದರ ಹೆಸರನ್ನು ನನ್ನ ಕೈಯಿಂದ ಬರೆಯಲಾರೆ.) ನಾಯಕಿಯ ತಾಯಿಯ ಪಾತ್ರಕ್ಕೆ ನಮ್ಮ ಅವ್ವ ಗ್ಯಾನಮ್ಮನೇ ಬೇಕು ಎಂದು ನಿರ್ದೇಶಕರು ಹಟ ಹಿಡಿದರು. ಮಾತು ಬರೆದುಕೊಡಲಿಲ್ಲ. "ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ ಅಮ್ಮ," ಅಂದರು. ಅವ್ವ ಹಾಗೇ ಮಾತಾಡಿದಳು. ಹೊಲದಿಂದ ಬಂದ ಮಗಳಿಗೆ, ಅಂದರೆ ಆ ಬೆಂಗಳೂರಿನ ನಟಿಗೆ, "ಯವ್ವಾ, ಬಂದೇನು? ಕೈಕಾಲ ತೊಳಕೊ, ಉಣ್ಣಾಕ ಕೊಡ್ತೀನಿ," ಅಂದಳು. ನಿನಗೆ ಅಂದ ಹಾಗೆ, ನನಗೆ ಅಂದ ಹಾಗೆ, ಓಣಿಯ ಎಲ್ಲ ಹುಡುಗಿಯರಿಗೆ ಅಂದ ಹಾಗೆ. ಚಿತ್ರದುದ್ದಕ್ಕೂ ಅವಳು ಮಗಳನ್ನು ಕರೆಯುವುದು ಯವ್ವಾ ಎಂದೇ.

ಇಂಗ್ಲಿಷ್ ಸಬ್‌ಟೈಟಲ್ ಬರೆದವನಿಗೆ ಯವ್ವಾ ಅಂದರೆ ತಾಯಿ ಎಂಬಷ್ಟು ಗೊತ್ತಿತ್ತು. ಅವನು ಮದರ್ ಎಂದು ಹಾಕಿದ. ಮುದುಕಿ ಬಾಯಿ ತೆರೆದಾಗಲೆಲ್ಲ ಪರದೆಯ ಕೆಳಗೆ ಮದರ್, ಮದರ್. ಹೊರದೇಶದ ಚಿತ್ರೋತ್ಸವದಲ್ಲಿ ನೋಡಿದವರು, ಪಾಪ, ಅವರ ತಪ್ಪೇನು, ಈ ಮುದುಕಿಗೆ ಮರೆವಿನ ಕಾಯಿಲೆ, ಮಗಳನ್ನೇ ತನ್ನ ತಾಯಿ ಎಂದುಕೊಂಡಿದ್ದಾಳೆ ಎಂದು ತಿಳಿದರು. ಕಾಯಿಲೆಯನ್ನು ಇಷ್ಟು ಮೆಲುವಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲ ಎಂದು ಬರೆದರು. ಪ್ರಶಸ್ತಿ ಬಂತು. ನಿರ್ದೇಶಕರು ಇಲ್ಲ, ಹಾಗಲ್ಲ ಎನ್ನಲಿಲ್ಲ. ಸಂದರ್ಶನಗಳಲ್ಲಿ ತಾವೇ ಮರೆವಿನ ಬಗ್ಗೆ ಮಾತಾಡತೊಡಗಿದರು. ಈಗ ಮೊಬೈಲಿನಲ್ಲಿ ಆ ಚಿತ್ರ ತೆರೆದರೆ ಮೊದಲ ಸಾಲೇ, 'ನೆನಪು ಕಳೆದುಕೊಂಡ ತಾಯಿ ಮತ್ತು ಅವಳ ಮಗಳ ಕಥೆ.'

ನನಗೆ ಇದು ತಿಳಿದದ್ದು ಮಸ್ಕಿಯಲ್ಲಿ. ಅಲ್ಲಿ ವೀರೇಂದ್ರ ಎಂಬಾತ, ಬೀಜ ಗೊಬ್ಬರದ ಅಂಗಡಿಯವನು, ಸಿನಿಮಾ ಹುಚ್ಚು ಉಳ್ಳವನು, ಕಲ್ಯಾಣ ಮಂಟಪ ಹಿಡಿದು ಆ ಚಿತ್ರ ತೋರಿಸಿ ಅವ್ವನಿಗೆ ಸನ್ಮಾನ ಇಟ್ಟುಕೊಂಡ. ಅವ್ವ ಸಿಂಧನೂರಿನ ಬಸ್ಸಿಗೆ ಬಂದಳು, ನಾನು ಇತ್ತ ಕಡೆಯಿಂದ ಹೋದೆ. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ವೀರೇಂದ್ರ ಮೈಕು ಹಿಡಿದು, "ಮರವಿನ ಬ್ಯಾನಿ ಅನ್ನೋದನ್ನ ನಮ್ಮ ಗ್ಯಾನಮ್ಮನವರು ಎಷ್ಟು ಸಹಜ ಮಾಡ್ಯಾರಂದ್ರ, ಖರೇನ ಮರತಾರೇನೋ ಅನ್ನಬೇಕು," ಎಂದ.

ಅವ್ವ ನನ್ನ ಕಡೆ ಬಾಗಿದಳು. "ಯಾರಿಗೆ ಮರವು ಬೇ?"

"ನಿನಗಂತ."

"ನನಗಾ? ಈ ವೀರೇಂದ್ರನ ಅಪ್ಪನ ಮದುವ್ಯಾಗ ಸಾರಿಗೆ ಉಪ್ಪು ಇದ್ದಿಲ್ಲ, ಅದು ಸೈತ ನೆನಪೈತಿ ನನಗ. ಹೇಳಲೇನು ಮೈಕಿನ್ಯಾಗ?"

ಆಮೇಲೆ ಚಿತ್ರ ಶುರುವಾಯಿತು. ಹೊಸ್ತಿಲ ದೃಶ್ಯ ಬಂತು, ಅವ್ವ ಯವ್ವಾ ಅಂದಳು, ಕೆಳಗೆ ಮದರ್ ಬಂತು. ನನ್ನ ಹಿಂದೆ ಕೂತಿದ್ದ ಕಾಲೇಜಿನ ಹುಡುಗಿ ಪಕ್ಕದವಳಿಗೆ, "ಮಗಳಿಗೆ ಯಾಕಲೇ ಮದರ್ ಅಂತ ಹಾಕ್ಯಾರ?" ಎಂದಳು. ಪಕ್ಕದವಳು, "ಅಜ್ಜಿಗೆ ಮರವು ಐತಲ್ಲ, ಅದಕ್ಕ," ಎಂದಳು. ಶಾಹೀಸ್ತಾ, ನನಗೆ ಸಿಟ್ಟು ಬಂದದ್ದು ಆಗ. ಹೊರದೇಶದವರ ಮೇಲೆ ಬಂದಿರಲಿಲ್ಲ. ಮನೆಗೆ ಹೋದರೆ ಆ ಹುಡುಗಿಗೂ ಅವಳ ತಾಯಿ ಯವ್ವಾ ಎಂದೇ ತಟ್ಟೆ ಹಾಕುತ್ತಾಳೆ. ಕಿವಿಗೆ ಬಿದ್ದದ್ದನ್ನು ಬಿಟ್ಟು ಅವಳು ಪರದೆಯ ಕೆಳಗಿನ ಅಕ್ಷರವನ್ನು ನಂಬಿದಳು.

ಸನ್ಮಾನದ ಶಾಲು ಹೊದಿಸಿದ ಮೇಲೆ ವೀರೇಂದ್ರ, "ಮಗಳಾಗಿ ನೀವೂ ಎರಡ ಮಾತು ಆಡ್ರಿ ಮೇಡಂ," ಎಂದ. ಸಭೆಯಲ್ಲಿ ನಾನು ಮಾತಾಡಿದ್ದನ್ನು ನೀನು ಕಂಡಿಲ್ಲ. ನಾನೂ ಕಂಡಿರಲಿಲ್ಲ. ಮೈಕು ಹಿಡಿದು ಕೇಳಿದೆ: "ಇಲ್ಲಿ ಕುಂತವರೊಳಗ, ನಿಮ್ಮವ್ವ ನಿಮಗ ಯವ್ವಾ, ಯಪ್ಪಾ ಅಂತ ಒಂದಿನಾನೂ ಕರದಿಲ್ಲ ಅನ್ನೋರು ಯಾರಿದ್ರೂ ಕೈ ಎತ್ರಿ."

ಯಾರೂ ಎತ್ತಲಿಲ್ಲ.

"ಹಂಗಾದ್ರ ನಿಮ್ಮ ಅವ್ವಂದಿರಿಗೆಲ್ಲಾ ಮರವಿನ ಬ್ಯಾನೀನ?"

ಹಿಂದಿನಿಂದ ಒಬ್ಬ ಮುದುಕ ಗಟ್ಟಿಯಾಗಿ ನಕ್ಕ. ಬೇರೆ ಯಾರೂ ನಗಲಿಲ್ಲ. ವೀರೇಂದ್ರ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಮೇಡಂ, ಹೊರದೇಶದಾಗ ಪ್ರಶಸ್ತಿ ಬಂದೈತ್ರಿ," ಎಂದ. "ಯಾರ ಬ್ಯಾನಿಗೆ ಬಂತ್ರಿ?" ಎಂದು ಕೇಳಿದೆ. ಮೈಕು ನನ್ನ ಕೈಯಲ್ಲೇ ಇತ್ತು, ಅದೂ ಸಭೆಗೆ ಕೇಳಿಸಿತು. ಅವನು ಕೆಟ್ಟವನಲ್ಲ. ಬಸ್‌ಸ್ಟ್ಯಾಂಡಿನ ತನಕ ಬಂದು ಅವ್ವನಿಗೆ ಸೀಟು ಹಿಡಿದು ಕೊಟ್ಟ. "ನಮ್ಮವ್ವನೂ ನನಗ ಯಪ್ಪಾ ಅಂತಾಳ್ರಿ, ನನಗ ಹೊಳೀಲೇ ಇಲ್ಲ ನೋಡ್ರಿ," ಎಂದ.

ಮರುದಿನ ನಿರ್ದೇಶಕರಿಗೆ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು. "ತಪ್ಪು ಅಂತ ನನಗೂ ಆಮೇಲೆ ಗೊತ್ತಾಯ್ತು ಮೇಡಂ. ಆದ್ರೆ ಈಗ ತಿದ್ದಿದ್ರೆ ಸಿನಿಮಾನೇ ಬೇರೆ ಆಗಿಬಿಡುತ್ತೆ."

"ಆಗಲಿ," ಎಂದೆ.

"ನಿಮ್ಮ ತಾಯಿಗೆ ಒಳ್ಳೆ ಹೆಸರೇ ಬಂದಿದೆಯಲ್ವಾ?"

"ಅವಳು ಮಾಡದ ಪಾತ್ರಕ್ಕೆ ಬಂದಿದೆ."

ಕಲೆಯಲ್ಲಿ ಅರ್ಥ ನೋಡುವವರದ್ದು ಅಂದರು. ನಾನು ಓದುವುದೆಲ್ಲ ಬೇರೆ ಭಾಷೆಯಿಂದ ಬಂದ ಪುಸ್ತಕಗಳನ್ನೇ ಎಂದು ನೀನು ಹಾಸ್ಯ ಮಾಡುತ್ತೀಯಲ್ಲ, ಅವುಗಳಿಂದ ನಾನು ಕಲಿತದ್ದನ್ನು ಅವರಿಗೆ ಹೇಳಿದೆ. ಒಳ್ಳೆಯ ಅನುವಾದಕನಿಗೆ ತಿಳಿಯದ ಮಾತು ಎದುರಾದರೆ ಯಾರನ್ನಾದರೂ ಕೇಳುತ್ತಾನೆ. ಕೇಳಲು ಯಾರೂ ಸಿಗದಿದ್ದರೆ ಮಾತನ್ನು ಇದ್ದ ಹಾಗೆ ಬಿಡುತ್ತಾನೆ. ತಾನೊಂದು ಕಾಯಿಲೆ ಹುಟ್ಟಿಸುವುದಿಲ್ಲ. ಅವರು ಫೋನ್ ಇಟ್ಟರು. ಮೊಬೈಲಿನಲ್ಲಿ ಆ ಚಿತ್ರ ಹಾಕಿರುವ ಕಂಪನಿಗೆ ತಿದ್ದಿ ಎಂದು ಬರೆದೆ, ಉತ್ತರವಿಲ್ಲ. ಮತ್ತೆ ಬರೆದಿದ್ದೇನೆ. ಉತ್ತರ ಬರುವ ತನಕ ಬರೆಯುತ್ತೇನೆ, ನನಗೆ ಬೇರೆ ಚಟ ಇಲ್ಲ.

ಇಷ್ಟಾದ ಮೇಲೆ ಆ ಚಿತ್ರ ತೋರಿಸಬೇಡ ಎನ್ನುವುದೇ ಸರಿ ಅನ್ನಿಸಿತ್ತು. ಆದರೆ ಆ ಹಾಳೆ ಬರೆಯುತ್ತಿದ್ದಾಗ ನೀನೇ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ನಿನ್ನ ಈಜಿಪ್ಟಿನ ಗೆಳತಿ ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಮಗಳನ್ನೇ ಮಾಮಾ, ಮಾಮಾ ಅನ್ನುತ್ತಾಳೆ, ತಾಯಿ ಜೊತೆ ಮಾತಾಡುತ್ತಿದ್ದಾಳೆ ಎಂದೇ ನೀನು ಎಷ್ಟೋ ದಿನ ತಿಳಿದಿದ್ದೆ ಎಂದು ನಗುತ್ತಿದ್ದೆ. ಅರಬ್ಬಿಯಿಂದ ಬಂದ ಒಂದು ಕಾದಂಬರಿಯಲ್ಲೂ ನಾನು ಇದನ್ನು ಓದಿದ್ದೇನೆ. ಅನುವಾದಿಸಿದವರು ಆ ಮಾತನ್ನು ಹಾಗೆಯೇ ಉಳಿಸಿ, ಪುಟದ ಕೆಳಗೆ ಎರಡು ಸಾಲು ಬರೆದಿದ್ದರು. ಇನ್ನು ನಿಮ್ಮ ಮನೆಯನ್ನೇ ನೋಡು. ಲಾಲ್‌ಬೀ ಇವತ್ತಿಗೂ ನಿನ್ನನ್ನು ಬೇಟಾ ಅನ್ನುತ್ತಾರೆ. ಮಗಳನ್ನು ಮಗ ಎಂದುಕೊಂಡಿದ್ದಾರೆ ಎಂದು ಯಾವ ಡಾಕ್ಟರೂ ಗುಳಿಗೆ ಬರೆದಿಲ್ಲ.

ಅದಕ್ಕೆ, ಶಾಹೀಸ್ತಾ, ಶುಕ್ರವಾರ ಆ ಚಿತ್ರವನ್ನೇ ತೋರಿಸು. ಇದು ನನ್ನ ಶಿಫಾರಸು, ಮೇಲಿನ ಮೂರಕ್ಕಿಂತ ಮೊದಲು. ಸಬ್‌ಟೈಟಲ್ ಕಾಣದ ಹಾಗೆ ಮಾಡಿಬಿಡು. ನೀನು ಪರದೆಯ ಪಕ್ಕ ಕೂತು ನಿನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಬಂದಷ್ಟು ಅರಬ್ಬಿಯಲ್ಲಿ ಹೇಳುತ್ತಾ ಹೋಗು. ತಡವರಿಸಿದರೆ ತಡವರಿಸು. ಆ ಮಾತು ಬಂದಾಗ ಮದರ್ ಅನ್ನಬೇಡ, ಡಾಟರ್ ಅಂತಲೂ ಅನ್ನಬೇಡ. ಯವ್ವಾ ಎಂದೇ ಅನ್ನು. ಉಳಿದವರಿಗೆ ಈಜಿಪ್ಟಿನವಳು ತಿಳಿಸಿ ಹೇಳುತ್ತಾಳೆ. ಪ್ರಶಸ್ತಿ ಕೊಟ್ಟವರು ನೋಡದ ಚಿತ್ರವನ್ನು ನಿನ್ನ ಕೋಣೆಯಲ್ಲಿ ಕೂತವರು ನೋಡಲಿ. ಬುದ್ಧಿ ನೆಟ್ಟಗಿರುವ ಹೆಂಗಸೊಬ್ಬಳು ಹಸಿದು ಬಂದ ಮಗಳನ್ನು ಊಟಕ್ಕೆ ಕರೆಯುವ ಚಿತ್ರ ಅದು. ನಮ್ಮ ದೇಶದ್ದು ಅಂತ ತೋರಿಸಲು ನನಗೆ ಅಷ್ಟು ಸಾಕು. ಯಾರಾದರೂ ಕಾಯಿಲೆಯ ಮಾತೆತ್ತಿದರೆ ನನಗೆ ಫೋನ್ ಹಚ್ಚಿ ಅವರ ಕೈಗೆ ಕೊಡು.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಬೈಸಿಕೊಂಡಷ್ಟೂ ಗಟ್ಟಿಯಾಗಲಿ. ನಿನಗೆ ಕೆಲಸದಲ್ಲಿ ದಣಿವು ಕಡಿಮೆಯಾಗಲಿ, ನಿದ್ದೆ ಹೆಚ್ಚಾಗಲಿ. ಹಿಂಡಿಯನ್ನು ಒಬ್ಬಳೇ ತಿನ್ನಬೇಡ.

ನಿನ್ನ
ರೇಣುಕಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಮಸ್ಕಿಯ ಸಭೆ ಆದ ಮೇಲೆ ಮೊನ್ನೆ ಮುಕ್ಕುಂದಕ್ಕೆ ಹೋಗಿದ್ದೆ. ಅವ್ವ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಓಣಿಯ ಪೀರಮ್ಮ ಕೂತಿದ್ದಳು. ನನ್ನನ್ನು ನೋಡಿ ಅವ್ವ, "ರೇಣುಕಾ, ಬಂದೇನು?" ಎಂದಳು. ಪೀರಮ್ಮ ಎದ್ದು ಹೋದ ಮೇಲೆ, ಯಾಕೆ ಹೆಸರು ಹಿಡಿದು ಕರೆದೆ ಎಂದು ಅವ್ವನನ್ನು ಕೇಳಿದೆ. "ಮಂದಿ ಕೇಳತಾರ. ಯವ್ವಾ ಅಂದ್ರ, ಮುದುಕಿ ಖರೇನ ಮರತಾಳ ಅಂತಾರ. ಪೀರಮ್ಮ ಬಂದಾಗೊಮ್ಮೆ ನನಗ ವಾರ ಯಾವುದು, ತಿಥಿ ಯಾವುದು ಅಂತ ಕೇಳಾಕತ್ತ್ಯಾಳ," ಎಂದಳು. "ಈಗ ಯಾರೂ ಇಲ್ಲಲ್ಲ, ಕರಿ," ಎಂದೆ. ಬಾಯಿ ತೆರೆದಳು. ಮೊರದ ಕಡೆ ನೋಡಿದಳು. "ಬಾಯಿಗೆ ಬರವಲ್ದು," ಎಂದಳು. ಊಟಕ್ಕೆ ಕರೆಯುವಾಗಲೂ ರೇಣುಕಾ ಎಂದೇ ಕರೆದಳು. ಒಂದು ಸಲವೂ ತಪ್ಪಲಿಲ್ಲ.