ನಾಲ್ಕು ಮೊಹಲ್ಲಾ, ಊರು ಒಂದೇ

ತಾಂಡೂರು,
ಶ್ರಾವಣದ ಎರಡನೇ ಸೋಮವಾರ, ಫಸಲಿ ೧೩೪೬
(ನಿಮ್ಮ ಅಲ್ಲಿಯ ಲೆಕ್ಕಕ್ಕೆ ೧೯೩೭)

ಸಮುದ್ರದ ಆಚೆ ದಂಡೆಯಲ್ಲಿ ಕೂತಿರುವ ನಮ್ಮ ಮನೆಯವರಿಗೆ ಶಕುಂತಲಾ ಮಾಡುವ ಶರಣು.

ಮೈಯಲ್ಲಿ ಆರಾಮ ಇದ್ದೀರಲ್ಲ? ನಮಗೆ ಶ್ರಾವಣದ ಜಿಟಿಜಿಟಿ ಮಳೆ, ನಿಮಗೆ ಹಲ್ಲು ಕಟಕಟ ಅನ್ನುವ ಚಳಿಗಾಲ ಎಂದು ಬರೆದಿದ್ದಿರಿ. ಅತ್ತೆಯವರು ನಂಬಿದರು, ಮಾವನವರು ಅರ್ಧ ನಂಬಿದರು. ಕೆಮ್ಮು ಹೋಗಿದ್ದರೆ ಹೋಯಿತೆಂದು ಬರೆಯಿರಿ, ಇದ್ದರೆ ಶುಂಠಿ ಕಷಾಯ ಕುಡಿದು ಆಮೇಲೆ ಬರೆಯಿರಿ. ಲಿಂಗಪೂಜೆಗೆ ಜಾಗ ಮಾಡಿಕೊಂಡಿದ್ದೀರೋ, ಪೆಟ್ಟಿಗೆಯ ಮೇಲೆಯೇ ಮುಗಿಸುತ್ತೀರೋ? ಊರ ತುಂಬ ಮಾಂಸವೇ ಬೇಯುವ ನಾಡಿನಲ್ಲಿ ನಿಮಗೆ ಹೊಟ್ಟೆ ತುಂಬ ಕಾಳುಪಲ್ಲೆ ಸಿಗುತ್ತದೆಯೋ ಇಲ್ಲವೋ ಎಂದು ರೊಟ್ಟಿ ಬಡಿಯುವಾಗಲೆಲ್ಲ ನೆನಪಾಗುತ್ತದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಕರಿ ಎಮ್ಮೆ ಈದಿದೆ, ಹೆಣ್ಣು ಕರು. ಮಾವನವರ ಮೊಣಕಾಲು ಮಳೆಗಾಲದಲ್ಲಿ ಮಾಡುವ ಜಗಳವನ್ನು ಈ ವರ್ಷವೂ ಮಾಡುತ್ತಿದೆ.

ಈಗ ಸುದ್ದಿ. ಅದಕ್ಕೆ ಮೊದಲು ನಿಮ್ಮನ್ನು ಸ್ವಲ್ಪ ಬೈಯಬೇಕು, ಕೂತು ಓದಿ. ಮುಂಬಯಿಯ ಸೇಠರು ತಮ್ಮ ರೇಷ್ಮೆ ಅಂಗಡಿಯ ಲೆಕ್ಕ ನೋಡಲು ನಿಮ್ಮನ್ನು ಹಡಗು ಹತ್ತಿಸಿದ ಮೇಲೆ ಬಂದ ಮೊದಲ ಕಾಗದದಲ್ಲಿ ಬ್ಯೂನಸ್ ಐರಿಸ್ ಎಂದು ಊರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದಿರಿ. ಅಲ್ಲಿಂದ ಮುಂದೆ ಆ ಹೆಸರೇ ಇಲ್ಲ. ಒಂದು ಕಾಗದದ ತಲೆಯ ಮೇಲೆ ಲಾ ಬೋಕಾ, ಇನ್ನೊಂದರ ಮೇಲೆ ಬರ್ರಾಕಾಸ್, ಆಮೇಲೆ ಸಾನ್ ತೆಲ್ಮೊ, ಈಗ ಫ್ಲೋರೆಸ್. ಬೋಕಾದಲ್ಲಿ ಬಣ್ಣಬಣ್ಣದ ತಗಡಿನ ಮನೆ, ನದಿ ನೀರು ಒಳಗೆ ಬಂತು, ಬಿಟ್ಟೆ ಎಂದಿರಿ. ಬರ್ರಾಕಾಸಿನಲ್ಲಿ ಕಾರ್ಖಾನೆಯ ಹೊಗೆ, ಬಿಟ್ಟೆ. ತೆಲ್ಮೊದಲ್ಲಿ ಒಂದು ಅಂಗಳಕ್ಕೆ ಹತ್ತು ಸಂಸಾರ, ಬಿಟ್ಟೆ. ಪ್ರತಿಯೊಂದಕ್ಕೂ ಅದರದೇ ಬಜಾರು, ಅದರದೇ ಗುಡಿ, ಅಲ್ಲಿಯ ಜನ ಅದನ್ನು ನಮ್ಮೂರು ಅನ್ನುತ್ತಾರೆ ಎಂದು ನೀವೇ ಬರೆದಿರಿ. ಗಿಡಮರ ತುಂಬಿದ ಫ್ಲೋರೆಸಿಗೆ ರೈಲಿನಲ್ಲಿ ಹೋದೆ ಎಂದೂ ಬರೆದಿರಿ. ರೈಲು ಹತ್ತಿ ಇಳಿದರೆ ಅದು ಬೇರೆ ಊರು ಎಂಬುದು ತಾಂಡೂರಿನ ಶಾಸ್ತ್ರ, ನಿಮಗೆ ಗೊತ್ತಿಲ್ಲದ್ದೇ? ಇವೆಲ್ಲ ಒಂದೇ ಊರಿನ ಮೊಹಲ್ಲಾಗಳು ಎಂದು ಒಂದು ಸಾಲು ಗೀಚಿದ್ದರೆ ನಿಮ್ಮ ಮಸಿ ತೀರಿಹೋಗುತ್ತಿತ್ತೇ?

ಕಾಗದ ಬಂದಾಗಲೆಲ್ಲ ಮಾವನವರು ಅದನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಾರೆ. ಮಗನ ಹೆಮ್ಮೆ. ಬೊಮ್ರಾಸಪೇಟೆಯ ಅಂಜಪ್ಪ, ಕಡಲೆ ವ್ಯಾಪಾರದವನು, ಒಂದು ಸಲ ಅಲ್ಲೇ ಕೂತು ಕೇಳಿಸಿಕೊಂಡ. ಹೋಗಿ ಕೊಡಂಗಲ್ ಸಂತೆಯಲ್ಲಿ ನಮ್ಮ ಅಪ್ಪನ ಕಿವಿಗೆ ಹಾಕಿದ. "ವೀರಪ್ಪನವರ, ನಿಮ್ಮ ಅಳಿಯ ಅಂಗಡಿ ಬಿಟ್ಟ ಓಡಿ ಹೋಗ್ಯಾನ ನೋಡ್ರಿ. ಒಂದ ಊರಾಗ ನಿಲ್ಲವಲ್ಲ." ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಬಾಯಿಗೆ ಬಾಗಿಲಿಲ್ಲ ಅಷ್ಟೇ. ಅಪ್ಪ ಮಾತ್ರ ಆ ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ.

ಹೋದ ಸೋಮವಾರ ಅಪ್ಪ ಬಂಡಿ ಕಟ್ಟಿಸಿಕೊಂಡು ಬಂದರು. ಕೈಕಾಲು ತೊಳೆಯಲಿಲ್ಲ, ಅತ್ತೆ ಕೊಟ್ಟ ನೀರಿನ ತಂಬಿಗೆ ಮುಟ್ಟಲಿಲ್ಲ. ನಿಂತೇ ಮಾತು ಶುರು ಮಾಡಿದರು. "ಬೀಗರ, ಇಷ್ಟ ದಿನದಾಗ ನಾಕ ಊರ ಬದಲಿ ಮಾಡಿದಾವ ಸಂಸಾರ ಹೆಂಗ ಮಾಡ್ತಾನ? ಆವ ಹೊಳ್ಳಿ ಬರಂಗಿಲ್ಲ. ನನ್ನ ಮಗಳನ್ನ ಕರಕೊಂಡ ಹೋಗ್ತೀನಿ. ವಯಸ್ಸ ಸಣ್ಣದದ, ಉಡಿಕಿ ಮಾಡಿಸ್ತೀನಿ." ಉಡಿಕಿ ಅಂದರೆ ಇನ್ನೊಬ್ಬನ ಕೈ ಹಿಡಿಯುವುದು. ನೀವು ಜೀವಂತ ಇರುವಾಗ, ನಾನು ಒಳಗೆ ನಿಂತು ಕೇಳುತ್ತಿರುವಾಗ, ನನ್ನ ಅಪ್ಪ ಈ ಮಾತು ಆಡಿದರು. ಅದಕ್ಕಿಂತ ಹೆಚ್ಚು ನೋವಾದದ್ದು ಮಾವನವರು ತಲೆ ತಗ್ಗಿಸಿದಾಗ. ಅವರಿಗೂ ಒಳಗೊಳಗೆ ಸಂಶಯ ಬಂದಿತ್ತು. ನಾನೂ ಒಂದು ಗಳಿಗೆ ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಸಿಟ್ಟು ಬಂತು. ನನ್ನ ಸಿಟ್ಟು ನಿಮಗೆ ಗೊತ್ತಲ್ಲ, ತಡವಾಗಿ ಬರುತ್ತದೆ, ಬಂದರೆ ಕೂತು ಊಟ ಮಾಡಿಯೇ ಹೋಗುತ್ತದೆ. ಸೆರಗು ಹೊದ್ದು ಹೊಸ್ತಿಲು ದಾಟಿ ಹೊರಗೆ ಬಂದೆ. ಅಪ್ಪನ ಹತ್ತಿರ ವಾದ ಮಾಡಲಿಲ್ಲ, ಒಂದು ಮಾತು ಕೇಳಿದೆ. ಅದಾಲತ್ತಿನ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಎಲ್ಲೆಲ್ಲಿ ಇಳಿದುಕೊಂಡಿದ್ದಿರಿ ಎಂದು. ಅಪ್ಪನಿಗೆ ಆ ಪ್ರವಾಸದ ಮಾತೆಂದರೆ ಬೆಲ್ಲ. ಸಿಟ್ಟಿನಲ್ಲಿದ್ದರೂ ಬಾಯಿ ತೆರೆದರು: ಮೊದಲು ಬೇಗಂ ಬಜಾರಿನಲ್ಲಿ, ಅಲ್ಲಿ ತಿಗಣೆ ಕಾಟ, ಅದಕ್ಕೆ ಶಾಲಿಬಂಡಕ್ಕೆ, ಅಲ್ಲಿ ನೀರಿಲ್ಲ, ಕೊನೆಗೆ ಚಾದರಘಾಟದಲ್ಲಿ ಹೊಳೆಯ ಗಾಳಿಗೆ ಸುಖವಾಗಿದ್ದೆ. ನಾನು ಕೇಳಿದೆ, "ಅಪ್ಪಾ, ಹಂಗಾದ್ರ ನೀವು ಮೂರ ಊರ ತಿರುಗಿದ್ರೇನ್ರಿ? ಬೇಗಂಪೇಟ ಟೇಶನ್ನು ಬ್ಯಾರೆ, ನಾಂಪಲ್ಲಿ ಟೇಶನ್ನು ಬ್ಯಾರೆ. ಅವೆರಡೂ ಹೈದರಾಬಾದ ಅಲ್ಲೇನು?"

ಅಷ್ಟಕ್ಕೆ ಬಿಡಲಿಲ್ಲ. ಹಿಟ್ಟಿನ ಡಬ್ಬಿ ತಂದು ಅಂಗಳದ ಪರಸಿ ಕಲ್ಲಿನ ಮೇಲೆ ಜೋಳದ ಹಿಟ್ಟಿನಿಂದ ಬರೆದೆ. ನಡುವೆ ಒಂದು ಚೌಕ, ನಿಮ್ಮ ಅಂಗಡಿ. ಸುತ್ತ ನಾಲ್ಕು ಗುಂಡು, ನಿಮ್ಮ ನಾಲ್ಕು ಮೊಹಲ್ಲಾ. ಅಲ್ಲಿಂದ ಅಂಗಡಿಗೆ ಗೆರೆ, ಟ್ರಾಮ್ ಗಾಡಿ ಓಡುವುದು. ಇದೆಲ್ಲ ನಿನಗೆ ಯಾರು ಹೇಳಿದರು ಎಂದು ಮಾವನವರು ಕೇಳಿದರು. ಕಟ್ಟೆಯ ಮೇಲೆ ಕೂತು ನೀವೇ ಓದಿ ಹೇಳಿದ್ದು ಎಂದೆ. ಯಾವ ಮೊಹಲ್ಲಾದಿಂದ ಬರೆದರೂ ಒಬ್ಬ ಮನುಷ್ಯ ಎಲ್ಲ ಕಾಗದದಲ್ಲೂ ಇದ್ದಾನೆ: ನಿಮ್ಮ ಅಂಗಡಿಯ ಎದುರು ಗಡಿಯಾರ ರಿಪೇರಿ ಮಾಡುವ ಮುದುಕ, ಊರಿಗೆಲ್ಲ ಹೊತ್ತು ಸರಿ ಮಾಡಿಕೊಟ್ಟು ತಾನು ಮಾತ್ರ ದಿನಾ ತಡವಾಗಿ ಬಾಗಿಲು ತೆರೆಯುವವನು. ಬೋಕಾದಲ್ಲಿದ್ದಾಗಲೂ ಅವನನ್ನು ನೋಡಿ ನಕ್ಕಿರಿ, ಫ್ಲೋರೆಸಿನಲ್ಲಿದ್ದಾಗಲೂ ನಕ್ಕಿರಿ. ಅಪ್ಪನಿಗೆ ಹೇಳಿದೆ, "ನಿಮ್ಮ ಅಳಿಯ ಊರ ಬಿಟ್ಟ ಓಡಿದ್ರ ಆ ಮುದುಕ ಗಡಿಯಾರ ಹೊತಗೊಂಡ ಬೆನ್ನ ಹಿಂದ ಓಡಿ ಬಂದನೇನ್ರಿ? ಬದಲಾಗಿದ್ದು ಅವರ ಹಾಸಿಗಿ, ಅಂಗಡಿ ಅಲ್ಲೇ ಅದ."

ಮೊದಲು ನಕ್ಕವರು ಅತ್ತೆ. ನಿಮ್ಮ ಅವ್ವ ತುಳಜಾಬಾಯಿಯವರು ನಗುವುದನ್ನು ನಾನು ಮದುವೆಯಾದ ಮೇಲೆ ನೋಡಿದ್ದೇ ಕಡಿಮೆ. ಆಮೇಲೆ ಮಾವನವರು ತಲೆ ಎತ್ತಿದರು, ಬಹಳ ದಿನಗಳ ಮೇಲೆ ಅವರ ಮುಖ ಪೂರ್ತಿ ನೋಡಿದೆ. ಅಪ್ಪ ಗುಂಡುಗಳ ಸುತ್ತ ಒಂದು ಸುತ್ತು ನಡೆದು, ಫ್ಲೋರೆಸಿನ ಹತ್ತಿರ ನಿಂತು, ತಂಬಿಗೆ ಎತ್ತಿ ನೀರು ಕುಡಿದರು. "ಆತು ಬಿಡವ್ವಾ, ಸೋತೆ. ನಿನ್ನನ್ನ ಮಠದ ಸಾಲಿಗೆ ಕಳಿಸಬ್ಯಾಡ ಅಂತ ಎಲ್ಲಾರೂ ಅಂದಿದ್ರು, ನಾನೇ ಕೇಳಲಿಲ್ಲ" ಎಂದರು. ಸೋತವರ ದನಿಯಲ್ಲ ಅದು, ಕುಸ್ತಿಯಲ್ಲಿ ಮಗ ಗೆದ್ದಾಗ ಅಪ್ಪಂದಿರು ಆಡುವ ದನಿ. ನನಗೆ ಅಳು ಬಂತು. ಒಳಗೆ ಹೋಗಿ ಅತ್ತು, ಮುಖ ತೊಳೆದು, ಎಲ್ಲರಿಗೂ ಹೂರಣದ ಹೋಳಿಗೆ ಮಾಡಿದೆ.

ಈಗ ನಮ್ಮ ಓಣಿಯಲ್ಲಿ ನಿಮ್ಮ ಊರು ಗೊತ್ತಿಲ್ಲದವರಿಲ್ಲ. ಅಪ್ಪ ವಾಪಸು ಹೋಗುವಾಗ ಅಂಜಪ್ಪನಿಗೆ ನಡುಸಂತೆಯಲ್ಲಿ ಪಾಠ ಹೇಳಿದರಂತೆ, ಬ್ಯೂನಸ್ ಐರಿಸಿನಲ್ಲಿ ಹುಟ್ಟಿ ಬೆಳೆದವರ ಹಾಗೆ. ಅತ್ತೆಯವರು ನಮ್ಮ ಹಿತ್ತಲಿಗೆ ಫ್ಲೋರೆಸ್ ಎಂದು ಹೆಸರಿಟ್ಟಿದ್ದಾರೆ, ಗಿಡಮರ ಇರುವುದಕ್ಕೆ. ಸೋರುವ ಕೊಟ್ಟಿಗೆ ಬೋಕಾ, ಹೊಗೆ ತುಂಬಿದ ಅಡುಗೆಮನೆ ಬರ್ರಾಕಾಸ್. "ಎಮ್ಮಿ ಬೋಕಾದಾಗ ಕಟ್ಟೀಯೇನು?" ಎಂದು ಅವರು ಕೂಗಿದರೆ ಪಕ್ಕದ ಮನೆಯವರು ಕಿವಿ ನಿಮಿರಿಸುತ್ತಾರೆ. ನಾನು ಗೆದ್ದೆ ಎಂದು ಬರೆಯಲು ನಾಚಿಕೆಯಾಗಬೇಕು, ಆಗುತ್ತಿಲ್ಲ. ಗೆದ್ದೆ.

ಹಿರಿಯರಿಬ್ಬರೂ ನಿಮಗೆ ಆಶೀರ್ವಾದ ಹೇಳಿದ್ದಾರೆ. ಗಡಿಯಾರದ ಮುದುಕನಿಗೆ ನನ್ನ ಶರಣು ತಲುಪಿಸಿ, ಯಾಕೆ ಎಂದು ಕೇಳಿದರೆ ನಕ್ಕು ಸುಮ್ಮನಾಗಿ. ಶಿವ ನಿಮ್ಮನ್ನು ತಂಪಾಗಿಟ್ಟಿರಲಿ, ಚಳಿಯಲ್ಲಿ ಬೆಚ್ಚಗಿಟ್ಟಿರಲಿ.

ನಿಮ್ಮವಳೇ ಆದ,
ಶಕುಂತಲಾಬಾಯಿ

ತಾ. ಕ.: ಟಪಾಲಿನವನು ಬಾಗಿಲಲ್ಲಿದ್ದಾನೆ, ಮುಖ್ಯ ಮಾತು ಉಳಿದೇಹೋಗಿತ್ತು. ಆ ದಿನ ಹೋಳಿಗೆ ಉಣ್ಣುತ್ತ ಅತ್ತೆ ಗಂಡಸರಿಬ್ಬರಿಗೂ ಕೇಳಿದರು, "ಊರು ಒಂದೇ ಅಂತ ಗೊತ್ತಾತಲ್ಲ, ಮತ್ತ ಸೊಸಿ ಇಲ್ಲಿ ಯಾಕ ಕುಂತಾಳ?" ಮರುದಿನ ಮಾವನವರು ಮುಂಬಯಿಯ ಸೇಠರಿಗೆ ತಂತಿ ಕೊಟ್ಟರು. ಸೇಠರ ಹೆಂಡತಿ ನಿಮ್ಮ ಊರಿಗೆ ಹೊರಟಿದ್ದಾರೆ ಎಂದು ತಂತಿಯಲ್ಲೇ ಉತ್ತರ ಬಂತು, ನಾನೂ ಅವರ ಜೊತೆ ಅದೇ ಹಡಗಿನಲ್ಲಿ ಬರುತ್ತಿದ್ದೇನೆ. ಮುಂಬಯಿವರೆಗೆ ಅಪ್ಪನೇ ಬಿಡುತ್ತಾರೆ. ಇದಕ್ಕೆ ಉತ್ತರ ಬರೆಯಬೇಡಿ. ಅದು ತಾಂಡೂರಿಗೆ ಬರುವಾಗ ಓದಲು ನಾನು ಇಲ್ಲಿರುವುದಿಲ್ಲ.